ರಿಲ್ಯಾಕ್ಸರ್ ಕೂದ್ಲಿಂದ ಲಾಕ್ಸ್‌ಗೆ ಬರೋದು ಹೇಗೆ (ಎಕ್ಸ್‌ಟೆನ್ಶನ್ ಹಾಕೋಕ್ ಮುಂಚೆ ಇದನ್ನ ಓದಿ)

ಲಾಕ್ಸ್ ಅಂದ್ರೆ ಕೂದ್ಲು ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂಗೆ ಆಗಿರೋ ಜಡೆ (ಡ್ರೆಡ್‌ಲಾಕ್ಸ್), ಎಕ್ಸ್‌ಟೆನ್ಶನ್ ಅಂದ್ರೆ ಉದ್ದ ಮಾಡೋಕೆ ಕಟ್ಟೋ ಹೊರಗಿನ ಕೂದ್ಲು. ಮೊದ್ಲೇ ಹೇಳ್ಬಿಡ್ತೀನಿ, ರಿಲ್ಯಾಕ್ಸರ್ ಅನ್ನೋ ಕೆಮಿಕಲ್ ಹಾಕಿ ನೆಟ್ಟಗೆ ಮಾಡಿರೋ ಕೂದ್ಲು ತಾನಾಗಿ ಲಾಕ್ ಆಗಲ್ಲ, ಎಷ್ಟೇ ಜೆಲ್ ಹಚ್ಚಿ ತಿರುಚಿ, ಎರಡು ಸಲ ತಲೆಗೆ ನೀರು ಬಿದ್ರೆ ಬಿಚ್ಕೊಂಡು ಜಾರುತ್ತೆ. ಗುಂಗುರು ಕೂದ್ಲು ಸುರುಳಿ ಹಿಡಿದಿರೋದು ಒಳಗಿರೋ ಗಂಧಕದ ಕೊಂಡಿಗಳು, ಅಂದ್ರೆ ಡೈಸಲ್ಫೈಡ್ ಬಾಂಡ್‌ಗಳ ದೆಸೆಯಿಂದ, ರಿಲ್ಯಾಕ್ಸರ್‌ನಲ್ಲಿರೋ ಸೋಡಿಯಂ ಹೈಡ್ರಾಕ್ಸೈಡ್ (ಹೌದು, ಕಟ್ಕೊಂಡ ಪೈಪ್ ಬಿಡಿಸೋಕೆ ಸುರೀತಾರಲ್ಲ ಅದೇ ಕಾಸ್ಟಿಕ್ ಸೋಡ) ಅದನ್ನೇ ಮುರಿಯುತ್ತೆ, ಮುರಿದದ್ದು ವಾಪಸ್ ಬರಲ್ಲ. 'ನೋ ಲೈ' (ಲೈ ಅಂದ್ರೆ ಅದೇ ಕಾಸ್ಟಿಕ್ ಸೋಡ) ಅಂತ ಬರೆದಿರೋ ಡಬ್ಬದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತೆ, ಕಥೆ ಅದೇ. ಹಾಗಾಗಿ ಲಾಕ್ ಆಗೋದು ಬುಡದಿಂದ ಹೊಸದಾಗಿ ಬರೋ ಕೂದ್ಲು ಮಾತ್ರ, ಎಕ್ಸ್‌ಟೆನ್ಶನ್ ಕಟ್ಟಬೇಕಾದ್ದೂ ಅದಕ್ಕೇ.

ನಾನು ಬೆಂಗ್ಳೂರಲ್ಲಿ ಹೆಣ್ಣೂರು ಕಡೆ ಪಾರ್ಲರ್‌ನಲ್ಲಿ ಕೆಲ್ಸ ಮಾಡೋದು, ಕಮ್ಮನಹಳ್ಳಿ ಕೊತ್ತನೂರು ಸುತ್ತ ಆಫ್ರಿಕಾದಿಂದ ಓದೋಕೆ ಬಂದಿರೋ ಹುಡ್ಗೀರು ಜಾಸ್ತಿ, ಈ ಕೆಲ್ಸ ಕಲ್ತಿದ್ದು ಅವರಲ್ಲೇ ಒಬ್ರು ಕಾಂಗೋ ಅಕ್ಕನ ಹತ್ರ. ಈಚೆಗೆ ಯಲ್ಲಾಪುರ, ಹಳಿಯಾಳ ಕಡೆ ಆಫ್ರಿಕಾ ಮೂಲದ ಸಿದ್ದಿ ಹುಡ್ಗೀರೂ ಕೇಳ್ಕೊಂಡ್ ಬರ್ತಾರೆ, ಅದಕ್ಕೇ ಕನ್ನಡದಲ್ಲಿ ಬರೀತಿರೋದು.

ಎಷ್ಟು ದಿನ ಕಾಯ್ಬೇಕು? ಕೂದ್ಲು ತಿಂಗ್ಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತೆ, ಎಕ್ಸ್‌ಟೆನ್ಶನ್ ಹಿಡ್ಕೊಳ್ಳೋಕೆ ಕಮ್ಮಿ ಅಂದ್ರೂ ಎರಡಿಂಚು ಹೊಸ ಕೂದ್ಲು ಬೇಕು, ಮೂರಿಂಚಿದ್ರೆ ನಾನು ಧೈರ್ಯವಾಗಿ ಕೈ ಹಾಕ್ತೀನಿ. ಅಂದ್ರೆ ಕೊನೇ ರಿಲ್ಯಾಕ್ಸರ್ ಆಗಿ ನಾಲ್ಕರಿಂದ ಆರು ತಿಂಗ್ಳು. ಒಬ್ಬಳು ಮದ್ವೆಗೆ ಹೋಗ್ಬೇಕು ಅಂತ ಅತ್ತೂ ಕರೆದೂ ಒಂದೇ ಇಂಚಿಗೆ ಕಟ್ಟಿಸ್ಕೊಂಡ್ಳು, ನಾನೂ ಒಪ್ಕೊಂಡೆ ನೋಡಿ, ಎರಡನೇ ವಾರ ಮೂರು ಲಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕ್ಕೊಂಡ್ ಬಂದು ಟೇಬಲ್ ಮೇಲಿಟ್ಳು, ಸ್ನಾನ ಮಾಡ್ವಾಗ ಜಾರಿ ಬಕೆಟ್‌ಗೆ ಬಿದ್ದಿದ್ವಂತೆ. ಅವತ್ತಿಂದ ಯಾರು ಅತ್ರೂ ನಾನು ಸ್ಕೇಲ್ ತೆಗೀತೀನಿ.

ಮೂರನೇ ತಿಂಗ್ಳು ಬಲು ಕಷ್ಟ. ಬುಡ ಉಬ್ಬಿ ನಿಂತಿರುತ್ತೆ, ತುದಿ ಚಪ್ಪಟೆ, 'ಒಂದೇ ಒಂದು ಟಚಪ್' (ಬುಡಕ್ಕೆ ಮತ್ತೆ ರಿಲ್ಯಾಕ್ಸರ್) ಅಂತ ಮನಸ್ಸು ಎಳೆಯುತ್ತೆ. ಅಮೆರಿಕದ ಸಿಸ್ಟರ್ ಸ್ಟಡಿ ಅನ್ನೋ ಅಧ್ಯಯನದ ಲೆಕ್ಕ 2022ರಲ್ಲಿ ಬಂತು, ಹೇರ್ ಸ್ಟ್ರೈಟ್ನರ್ ಕೆಮಿಕಲ್ ಬಳಸದ ಹೆಂಗಸ್ರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರೋ ಅಂದಾಜು ನೂರಕ್ಕೆ 1.64, ಪದೇ ಪದೇ ಬಳಸೋರಲ್ಲಿ 4.05. ಅದೇ ಕಾರಣ ಅಂತ ಸಾಬೀತಾಗಿಲ್ಲ, ಆದ್ರೂ ಟಚಪ್ ಕೇಳೋರಿಗೆ ನಾನು ಈ ಲೆಕ್ಕ ಹೇಳ್ತೀನಿ. ಈ ಟೈಮಲ್ಲಿ ಹಳೇದು ಹೊಸದು ಸೇರೋ ಜಾಗ ದಾರದಲ್ಲಿ ಸವೆದ ಕಡೆ ಇದ್ದಂಗೆ, ಅಲ್ಲೇ ಮುರಿಯೋದು. ಒಣ ಕೂದ್ಲಿಗೆ ಬಾಚಣಿಗೆ ಹಾಕ್ಬೇಡಿ, ಒದ್ದೆ ಮಾಡಿ ಕಂಡೀಷನರ್ ಹಚ್ಚಿ ಬೆರಳಲ್ಲೇ ಸಿಕ್ಕು ಬಿಡಿಸಿ. ಸಡಿಲವಾಗಿ ಬ್ರೇಡ್ಸ್ ಹಾಕ್ಕೊಂಡ್ ಇರಬಹುದು, ಆದ್ರೆ ಆರರಿಂದ ಎಂಟು ವಾರಕ್ಕೆ ಬಿಚ್ಚಿ.

ಎಷ್ಟು ಬೆಳೆದಿದೆ ಅಂತ ನೋಡೋಕೆ ಸ್ಪ್ರೇ ಬಾಟಲ್ ಸಾಕು. ಒಂದು ಎಳೆ ಹಿಡ್ಕೊಂಡು ನೀರು ಹೊಡೀರಿ, ಹೊಸ ಕೂದ್ಲು ಪುಟ್ಟ ಸ್ಪ್ರಿಂಗ್ ಥರ ಸುತ್ಕೊಂಡು ನೆತ್ತಿ ಕಡೆ ಓಡುತ್ತೆ, ಹಳೇದು ಬಾಡಿದ ಸೊಪ್ಪಿನ ಹಾಗೆ ನೇತಾಡುತ್ತೆ. ಸ್ಪ್ರಿಂಗನ್ನ ಮೆಲ್ಲಗೆ ಎಳೆದು ಹಿಡಿದು ಅಳೀರಿ.

ಕೂದ್ಲು ಕೊಳ್ಳೋವಾಗ ಆಫ್ರೋ ಕಿಂಕಿ ಬಲ್ಕ್ (ಒರಟು ಸುರುಳಿಯ ಬಿಡಿ ಕೂದ್ಲು), ಹ್ಯೂಮನ್ ಹೇರ್ ಅಂತಾನೇ ಕೇಳಿ. ನಮ್ಮ ಕೊಪ್ಪಳದ ಭಾಗ್ಯನಗರದಲ್ಲೇ ಕೂದ್ಲು ಸಂಸ್ಕರಿಸೋ ದೊಡ್ಡ ವ್ಯಾಪಾರ ಇದೆ, ಹಾಗಂತ ಅಲ್ಲಿನ ನುಣುಪಾದ ನೆಟ್ಟನೆ ಕೂದ್ಲು ತಂದು ಕೊಟ್ರೆ ನನ್ನ ಕೈಲಿ ಆಗಲ್ಲ, ಅದು ಜಾರುತ್ತೆ, ಒರಟು ಸುರುಳಿ ಇದ್ರೇನೇ ನಿಮ್ಮ ಕೂದ್ಲಿನ ಜೊತೆ ಹೆಣೆದುಕೊಳ್ಳೋದು. ಸಿಂಥೆಟಿಕ್ ಅಗ್ಗ, ಆದ್ರೆ ಕಾಯಂ ಲಾಕ್ಸ್‌ಗೆ ಬೇಡ. ಒಂದು ಪ್ಯಾಕೆಟ್ ಜಾಸ್ತೀನೇ ತಗೊಳ್ಳಿ, ಆಮೇಲೆ ಬೇರೆ ಲಾಟ್ ತಂದ್ರೆ ಬಣ್ಣಾನೂ ಸೇರಲ್ಲ ಸುರುಳೀನೂ ಸೇರಲ್ಲ.

ಹಾಕೋ ದಿನ ಕಂಡೀಷನರ್ ಇಲ್ಲದೆ ಶಾಂಪೂ ಮಾಡಿ ಪೂರ್ತಿ ಒಣಗಿಸ್ಕೊಂಡ್ ಬನ್ನಿ. ಬೈತಲೆ ಗೋಡೆ ಇಟ್ಟಿಗೆ ಥರ ಇರ್ಬೇಕು, ಒಂದ್ ಸಾಲಿನ ಸಂದು ಮೇಲೆ ಮುಂದಿನ ಸಾಲಿನ ಚೌಕ ಕೂರೋ ಹಂಗೆ, ಇಲ್ದಿದ್ರೆ ನೆತ್ತಿ ಗೆರೆಗೆರೆಯಾಗಿ ಕಾಣುತ್ತೆ. ಪೆನ್ಸಿಲ್ ದಪ್ಪದ ಲಾಕ್ಸ್ ಅಂದ್ರೆ ನೂರರ ಆಸುಪಾಸು ಆಗುತ್ತೆ. ಹಣೆ ಪಕ್ಕ, ಕಿವಿ ಮೇಲೆ ಕೂದ್ಲು ತೆಳು ಇದ್ರೆ ಅಲ್ಲಿ ಎಕ್ಸ್‌ಟೆನ್ಶನ್ ಬೇಡ್ವೇ ಬೇಡ, ಭಾರಕ್ಕೆ ಬುಡ ಸಮೇತ ಬಂದು ಬೋಳಾಗುತ್ತೆ, ಆಮೇಲೆ ಡಾಕ್ಟರ್ ಹತ್ರ ಓಡ್ಬೇಕು.

ಕಟ್ಟೋದು ಹೀಗೆ: ಎಕ್ಸ್‌ಟೆನ್ಶನ್ ಎಳೆಯನ್ನ ನಡುವೆ ಮಡಚಿ, ನೆತ್ತಿಗೆ ಅಂಟಿಸದೆ ಸ್ವಲ್ಪ ಜಾಗ ಬಿಟ್ಟು ನಿಮ್ಮ ಹೊಸ ಕೂದ್ಲಿನ ಜೊತೆ ಮೂರು ಕಾಲಿನ ಜಡೆ ಹೆಣೀರಿ, ಹೊಸ ಕೂದ್ಲು ಮುಗಿಯೋವರೆಗೂ ಬಿಗಿ ಒಂದೇ ಸಮ ಇರ್ಲಿ. ಮೇಲೆ ಇನ್ನಷ್ಟು ಕಿಂಕಿ ಕೂದ್ಲು ಸುತ್ತಿ, 0.5 ಅಥವಾ 0.75 ಮಿಲಿಮೀಟರ್ ಕ್ರೋಶಾ ಕಡ್ಡೀಲಿ ಆ ಕಡೆಯಿಂದ ಈ ಕಡೆ ಚುಚ್ಚಿ ಎಳೀತಾ ಹೋಗ್ಬೇಕು, ಬೆರಳಲ್ಲಿ ಉರುಳಿಸಿದ್ರೆ ಹಗ್ಗದಂಗೆ ಗಟ್ಟಿ ಅನ್ನಿಸ್ಬೇಕು. ರಿಲ್ಯಾಕ್ಸ್ಡ್ ತುದಿಯನ್ನ ಮೊದ್ಲೇ ಕತ್ತರಿಸೋದು ನನಗಿಷ್ಟ. ಮನಸ್ಸು ಬರ್ಲಿಲ್ಲ ಅಂದ್ರೆ ಲಾಕ್ ಒಳಗೇ ಸುತ್ತಿ ಮುಚ್ಚಬಹುದು, ಮುಂದೆ ಒಳಗೇ ಮುರಿದ್ರೂ ಹೊಸ ಕೂದ್ಲಿಗೇ ಕಟ್ಟಿರೋದ್ರಿಂದ ಲಾಕ್ ಬೀಳಲ್ಲ. ಇಡೀ ದಿನದ ಕೆಲ್ಸ ಇದು, ಊಟ ಮಾಡ್ಕೊಂಡ್ ಬನ್ನಿ.

ಮನೆಗೆ ಹೋದ್ಮೇಲೆ ಬಿಗಿ ಅನ್ಸೋದು ಒಂದೆರಡು ದಿನ, ಅದು ಬಿಟ್ಟು ನೆತ್ತೀಲಿ ಗುಳ್ಳೆ ಎದ್ರೆ, ಬುಡದಲ್ಲಿ ಬಿಳಿ ಚುಕ್ಕೆ ಕಂಡ್ರೆ ಮಾತ್ರೆ ನುಂಗಿ ಸುಮ್ನಿರ್ಬೇಡಿ, ಬಿಚ್ಚಿಸಿ. ಎರಡು ವಾರ ಆದ್ಮೇಲೆ ತೊಳೀರಿ. ಒಣಗಿಸೋದೇ ದೊಡ್ಡ ಕೆಲ್ಸ, ಮಳೆಗಾಲದಲ್ಲಂತೂ ಒಳಗೆ ಒದ್ದೆ ಉಳಿದ್ರೆ ಮುಗ್ಗಲು ವಾಸನೆ ಹಿಡಿಯುತ್ತೆ, ಬೆಳಿಗ್ಗೆ ಬೇಗ ತೊಳ್ಕೊಂಡು ಡ್ರೈಯರ್ ಹಿಡೀರಿ. ಹರಳೆಣ್ಣೆ ದಪ್ಪ, ಕೊಬ್ಬರಿ ಎಣ್ಣೆ ಡಿಸೆಂಬರ್ ಚಳೀಲಿ ಲಾಕ್ ಒಳಗೇ ಹೆಪ್ಪುಗಟ್ಟಿ ಕೂರುತ್ತೆ, ನೆತ್ತಿಗೆ ಒಂದೆರಡು ಹನಿ ಸಾಕು. ರಾತ್ರಿ ತಲೆಗೆ ಹಳೇ ರೇಷ್ಮೆ ಸೀರೆ ತುಂಡು ಕಟ್ಕೊಳ್ಳಿ, ಕಾಟನ್ ದಿಂಬಿನ ನಾರು ಒಂದ್ ಸಲ ಒಳಗೆ ಸೇರಿದ್ರೆ ತೆಗೆಯೋಕಾಗಲ್ಲ.

ಬುಡ ತಿರುಚೋದು ನಾಲ್ಕರಿಂದ ಆರು ವಾರಕ್ಕೊಮ್ಮೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನೋ ಹಾಗೆ ವಾರವಾರ ತಿರುಚ್ತಾರೆ, ಬುಡ ಸಣ್ಣಗಾಗಿ ಲಾಕ್ ದಾರದಲ್ಲಿ ನೇತಾಡೋ ಹಂಗಾಗುತ್ತೆ.

ಅಂದ್ಹಾಗೆ ನನ್ನ ಜೊತೆ ಕೆಲ್ಸ ಮಾಡೋ ಹುಡ್ಗಿ ಬೆಳಗಾವಿ ಕಡೆಯವಳು, ಲಾಕ್ಸ್ ಹಾಕಿಸ್ಕೊಂಡು ಊರಿಗೆ ಹೋದ್ರೆ ಅವಳಜ್ಜಿ ಯಲ್ಲಮ್ಮನ ಜಡೆ ಬಂತು ಅಂತ ಭಂಡಾರ ಹಚ್ಚೋಕೇ ಬಂದ್ರಂತೆ. ಎಕ್ಸ್‌ಟೆನ್ಶನ್ನು ಅಜ್ಜಿ, ದುಡ್ಡು ಕೊಟ್ಟು ಹಾಕ್ಸಿದ್ದು ಅಂದ್ಮೇಲೆ ಎಷ್ಟು ಅಂತ ಕೇಳಿ ಬೈದ್ರಂತೆ.

ಒಂದು ಒಂದೂವರೆ ವರ್ಷಕ್ಕೆ ನಿಮ್ಮ ಕೂದ್ಲು ಸಾಮಾನ್ಯವಾಗಿ ಲಾಕ್ ಆಗಿರುತ್ತೆ. ಅಷ್ಟರಲ್ಲಿ ಎಂಟು ಹತ್ತಿಂಚು ನಿಮ್ಮದೇ ಇರುತ್ತೆ, ಎಕ್ಸ್‌ಟೆನ್ಶನ್ ಇಟ್ಕೊಂಡ್ರೂ ಸರಿ. ತೆಗೀಬೇಕಂದ್ರೆ ನಿಮ್ಮ ಕೂದ್ಲು ಎಲ್ಲಿ ಮುಗಿಯುತ್ತೆ ಅಂತ ಬೆರಳಲ್ಲಿ ಒತ್ತಿ ನೋಡಿ, ಅದ್ರಿಂದ ಒಂದಿಂಚು ಕೆಳಗೆ ಕತ್ತರಿ ಹಾಕಿ.