ಬಾಡಿಗೆ ಮನೆಯ ಶವರಿಗೆ ಹ್ಯಾಂಡ್ ಶವರ್ ಜೋಡಿಸುವ ಕ್ರಮ

ಬಚ್ಚಲಿನ ಗೋಡೆಯಿಂದ ಹೊರಬಂದ ಒಂದೇ ಕೊಳವೆಗೆ ಮೇಲಿನ ಶವರನ್ನೂ ಹ್ಯಾಂಡ್ ಶವರನ್ನೂ ಜೋಡಿಸಿಕೊಳ್ಳಲು ಗೋಡೆ ಕೊರೆಯಬೇಕಾಗಿಲ್ಲವಾದ್ದರಿಂದ ಬಾಡಿಗೆದಾರರೂ ಈ ಕೆಲಸವನ್ನು ಧೈರ್ಯವಾಗಿ ಮಾಡಿಕೊಳ್ಳಬಹುದು. ಆದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲಿನಂಥ ಊರುಗಳಲ್ಲಿ ಅಂಗಡಿಗೆ ಹೋಗುವ ಮುನ್ನ ಟ್ಯಾಂಕಿನ ಎತ್ತರವನ್ನೂ ನೀರಿನ ಗಡಸುತನವನ್ನೂ ನೋಡಿಕೊಳ್ಳುವುದು ಅಗತ್ಯ.

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಶವರಿಗೆ ನೀರು ಇಳಿಯುವುದು ಮಾಳಿಗೆಯ ಟ್ಯಾಂಕಿನಿಂದ, ತನ್ನ ಭಾರದಿಂದಲೇ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿಗೆ ತಾಗಿದಂತಿರುವ ಮೇಲಿನ ಮಹಡಿಯಲ್ಲಿ ಈ ಅಂತರ 2 ಮೀಟರ್ ಇದ್ದರೆ ಹೆಚ್ಚು, ಅಂದರೆ 0.2 ಬಾರ್ ಮಾತ್ರ. ಅಷ್ಟರಲ್ಲಿ ಅಗಲವಾದ ಮಳೆ ಶವರ್ ಹಾಕಿದರೆ ನೀರು ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಅಂಥ ಮನೆಗೆ ಚಿಕ್ಕ ಮುಖದ ಶವರೇ ಸರಿ. ಹ್ಯಾಂಡ್ ಶವರನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದಾಗ ಸುಮಾರು ಒಂದು ಮೀಟರಿನಷ್ಟು ಒತ್ತಡ ಹೆಚ್ಚುವರಿಯಾಗಿ ಸಿಗುವುದರಿಂದ, ಮೇಲಿನ ಮಹಡಿಯವರಿಗೆ ಅದೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಬಿಡುವ ಆಸೆಯನ್ನಂತೂ ಕೈಬಿಡುವುದು ಒಳ್ಳೆಯದು.

ಬೇಕಾಗುವ ಸಾಮಾನು ಸ್ವಲ್ಪವೇ: ಅರ್ಧ ಇಂಚಿನ ಥ್ರೆಡ್ ಇರುವ ಹಿತ್ತಾಳೆಯ ಡೈವರ್ಟರ್ (ನೀರನ್ನು ಮೇಲಿನ ಶವರಿಗೋ ಹ್ಯಾಂಡ್ ಶವರಿಗೋ ತಿರುಗಿಸುವ ಬಿಡಿಭಾಗ), ಒಂದೂವರೆ ಮೀಟರ್ ಹೋಸ್ ಸಹಿತ ಹ್ಯಾಂಡ್ ಶವರ್, ಸೋರದಂತೆ ಥ್ರೆಡ್ಡಿಗೆ ಸುತ್ತುವ ಟೆಫ್ಲಾನ್ ಟೇಪ್. ಹೋಸಿನ ಭಾರ ಸದಾ ಅದರ ಮೇಲೆಯೇ ಬೀಳುವುದರಿಂದ ಪ್ಲಾಸ್ಟಿಕ್ ಡೈವರ್ಟರ್ ಬೇಡ. ಗೇಟ್‌ವಾಲ್ವ್ ಮುಚ್ಚಿ, ಹಳೆಯ ಶವರಿಗೆ ಬಟ್ಟೆ ಸುತ್ತಿ ಸ್ಪ್ಯಾನರಿನಿಂದ ಬಿಚ್ಚಬೇಕು. ಆಗ ಶವರಿನ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿರಬೇಕು. ಅದು ತಿರುಗಿ ಗೋಡೆಯೊಳಗಿನ ಎಲ್ಬೋ (ಬಾಗಿದ ಜೋಡಣೆ) ಸಡಿಲವಾದರೆ ಟೈಲ್ಸ್ ಒಡೆಯದೆ ಸರಿಪಡಿಸಲಾಗದು, ಆ ಖರ್ಚು ಅಡ್ವಾನ್ಸಿನಿಂದ ಹೋಗುತ್ತದೆ. ಥ್ರೆಡ್ಡಿನ ಹಳೆಯ ಟೇಪನ್ನು ಕೆರೆದು ತೆಗೆದು, ಹೊಸದನ್ನು ಡೈವರ್ಟರ್ ಬಿಗಿಯುವ ದಿಕ್ಕಿನಲ್ಲಿಯೇ ಎಂಟು ಹತ್ತು ಸುತ್ತು ಎಳೆದು ಸುತ್ತಿ, ಅದರ ಮೇಲೆ ಡೈವರ್ಟರ್ ಕೂರಿಸಿ, ಅದರ ಒಂದು ಬಾಯಿಗೆ ಮೇಲಿನ ಶವರನ್ನೂ ಇನ್ನೊಂದಕ್ಕೆ ಹ್ಯಾಂಡ್ ಶವರಿನ ಹೋಸನ್ನೂ ಜೋಡಿಸಬೇಕು. ಹೋಸಿನ ತುದಿಗಳಿಗೆ ಟೇಪ್ ಬೇಡ, ಒಳಗಿನ ರಬ್ಬರ್ ವಾಷರೇ ಸಾಕು. ಕೈಯಲ್ಲಿ ಬಿಗಿದರೆ ಸೋರದು. ಹ್ಯಾಂಡ್ ಶವರ್ ಸಿಕ್ಕಿಸಲು ಡೈವರ್ಟರಿನಲ್ಲಿಯೇ ಕೊಕ್ಕೆ ಇರುವ ಮಾದರಿ ಸಿಕ್ಕರೆ ಗೋಡೆಯ ಹೋಲ್ಡರಿನ ಚಿಂತೆಯೇ ಇಲ್ಲ.

ಗೀಸರ್ ಇರುವ ಮನೆಯವರು ಗಮನಿಸಬೇಕಾದದ್ದೊಂದಿದೆ. ಹ್ಯಾಂಡ್ ಶವರಿನ ಗುಂಡಿ ಒತ್ತಿ ನೀರು ನಿಲ್ಲಿಸಿ, ಮಿಕ್ಸರಿನ ಬಿಸಿ ಮತ್ತು ತಣ್ಣೀರಿನ ಎರಡೂ ನಲ್ಲಿಗಳನ್ನು ತೆರೆದೇ ಬಿಟ್ಟರೆ, ಒತ್ತಡ ಹೆಚ್ಚಿರುವ ಕಡೆಯ ನೀರು ಮಿಕ್ಸರಿನ ಮೂಲಕ ಇನ್ನೊಂದು ಕೊಳವೆಗೆ ನುಗ್ಗಬಹುದು. ಮೇಲಾಗಿ, ಹೊರಹರಿವನ್ನು ಮುಚ್ಚಬಾರದ ಬಗೆಯ ಇನ್‌ಸ್ಟೆಂಟ್ ಗೀಸರುಗಳೂ ಇವೆ; ಅಂಥ ಮನೆಯಲ್ಲಿ ಗುಂಡಿಯಿಲ್ಲದ ಹ್ಯಾಂಡ್ ಶವರನ್ನೇ ಕೊಳ್ಳಬೇಕು. ಉಳಿದವರೂ ಸ್ನಾನ ಮುಗಿದೊಡನೆ ನಲ್ಲಿಯಲ್ಲಿಯೇ ನೀರು ನಿಲ್ಲಿಸುವುದು ಕ್ಷೇಮ.

ಇನ್ನು ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಬಕೆಟಿನ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುವ ಬೋರ್‌ವೆಲ್ ನೀರು ಶವರಿನ ರಂಧ್ರಗಳನ್ನೂ ಬಿಡುವುದಿಲ್ಲ. ಆದ್ದರಿಂದ ಬೆರಳಿನಿಂದ ಉಜ್ಜಿದರೆ ಉಪ್ಪು ಉದುರುವ ಸಿಲಿಕೋನ್ ಮೊನೆಗಳಿರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು. ತಿಂಗಳಿಗೊಮ್ಮೆ ಸಮಪಾಲು ವಿನೆಗರ್ ಮತ್ತು ನೀರಿನಲ್ಲಿ ಶವರಿನ ಮುಖವನ್ನು ಅರ್ಧ ಗಂಟೆ ನೆನೆಸಿ ತೊಳೆದರೆ ಕಟ್ಟಿದ ಸುಣ್ಣ ಕರಗುತ್ತದೆ. ಶೌಚಾಲಯದ ಆ್ಯಸಿಡ್ ಮಾತ್ರ ಬಳಸಬಾರದು, ಅದು ಕ್ರೋಮ್ ಲೇಪವನ್ನೇ ತಿನ್ನುತ್ತದೆ.

ಮೇಲಿನ ಶವರನ್ನೂ ಹೊಸದಾಗಿ ಹಾಕಿದ್ದರೆ ಬಿಚ್ಚಿದ ಹಳೆಯ ಶವರನ್ನು ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಕೆಲಸಕ್ಕೆ ಮೊದಲು ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿ ಒಪ್ಪಿಗೆ ಪಡೆಯಿರಿ. ಮನೆ ಖಾಲಿ ಮಾಡುವಾಗ ಡೈವರ್ಟರ್ ಬಿಚ್ಚಿ, ಹಳೆಯದನ್ನು ಹೊಸ ಟೇಪಿನೊಂದಿಗೆ ಕೂರಿಸಿ, ನೀರು ಬಿಟ್ಟು ಸೋರುವುದಿಲ್ಲವೆಂದು ಮಾಲೀಕರ ಎದುರಿನಲ್ಲಿಯೇ ತೋರಿಸಿ ಬೀಗದ ಕೈ ಒಪ್ಪಿಸಿ.