ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ನೋಡಲು ಹೊರಟಿದ್ದೀರಾ? ವಿಎಆರ್ ಲೆಕ್ಕ ಹಾಕಿ ವಾಪಸ್ ರೈಲು ಬುಕ್ ಮಾಡಿ

ಹೋದ ತಿಂಗಳು ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬರ್ಮಿಂಗ್‌ಹ್ಯಾಮ್‌ಗೆ ಬಂದು ಎರಡೇ ತಿಂಗಳಾಗಿತ್ತು. ಲಂಡನ್ನಿನಲ್ಲಿ ಮೊದಲ ಪ್ರೀಮಿಯರ್ ಲೀಗ್ ಪಂದ್ಯ ನೋಡಲು ಹೊರಟಿದ್ದ. “ಸಂಜೆ ಐದೂವರೆಗೆ ಶುರು. 90 ನಿಮಿಷ, ಮಧ್ಯೆ 15 ನಿಮಿಷ. ಏಳೂಕಾಲಿಗೆ ಮುಗಿಯುತ್ತೆ. ಎಂಟೂ ಹತ್ತಕ್ಕೆ ಯೂಸ್ಟನ್‌ನಿಂದ ರೈಲು. ಅಡ್ವಾನ್ಸ್ ಟಿಕೆಟ್, ಅಗ್ಗಕ್ಕೆ ಸಿಕ್ತು” ಅಂದ.

ಕೇಳಿ ಎದೆ ಧಸಕ್ಕೆಂದಿತು. 2019ರ ಚಳಿಗಾಲದಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ. ಪ್ರೀಮಿಯರ್ ಲೀಗ್‌ಗೆ ವಿಎಆರ್, ಅಂದರೆ ರೆಫರಿಯ ತೀರ್ಪನ್ನು ವಿಡಿಯೊ ನೋಡಿ ಪರಿಶೀಲಿಸುವ ಪದ್ಧತಿ, ಬಂದ ಮೊದಲ ಸೀಸನ್ ಅದು. ಆಮೇಲೆ ನಾಲ್ಕು ಜನ ಕನ್ನಡದವರು ಇದೇ ಲೆಕ್ಕ ಹಾಕಿ ದುಡ್ಡು ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಆಫ್‌ಸೈಡ್ ಅಂದರೇನು, ಪೆನಾಲ್ಟಿ ಯಾವಾಗ ಅಂತ ನಾನು ಹೇಳಬೇಕಿಲ್ಲ. ಮನೆಯಲ್ಲಿ ರಾತ್ರಿ ನಿದ್ದೆಗೆಟ್ಟು ನೋಡಿದವರೇ ಎಲ್ಲರೂ. ಆದರೆ ಟಿವಿಯಲ್ಲಿ ಕಾಣದ ಒಂದು ಸಂಗತಿ ಇದೆ. ವಿಎಆರ್ ಪರಿಶೀಲನೆ ನಡೆಯುವಾಗ ಎಲ್ಲರಿಗಿಂತ ಕಡಿಮೆ ಗೊತ್ತಿರೋದು ದುಡ್ಡು ಕೊಟ್ಟು ಮೈದಾನದಲ್ಲಿ ಕೂತವನಿಗೆ.

ಚಿನ್ನಸ್ವಾಮಿಯಲ್ಲಿ ಡಿಆರ್‌ಎಸ್ ಕೇಳಿದ ಕ್ಷಣ ನೆನಪಿಸಿಕೊಳ್ಳಿ. ಎಲ್ಲರ ಕಣ್ಣೂ ದೊಡ್ಡ ಪರದೆಯ ಮೇಲೆ. ಬ್ಯಾಟ್ ಪಕ್ಕ ಗೆರೆ ಅಲುಗಿತಾ, ಚೆಂಡು ಎಲ್ಲಿ ಪಿಚ್ ಆಯ್ತು, ಸ್ಟಂಪ್‌ಗೆ ತಾಗುತ್ತಾ, ಒಂದೊಂದನ್ನೂ ಅಂಪೈರ್ ಜೊತೆಗೇ ನಾವೂ ನೋಡ್ತೀವಿ. ಕಾಯೋದರಲ್ಲೂ ಒಂದು ಮಜಾ ಇದೆ. ಇಲ್ಲಿ ಹಾಗಲ್ಲ. ರೆಫರಿ ಕಿವಿಗೆ ಬೆರಳಿಟ್ಟು ನಿಂತಿರುತ್ತಾರೆ. ಪರದೆಯ ಮೇಲೆ ‘ಪರಿಶೀಲನೆ ನಡೆಯುತ್ತಿದೆ’ ಎಂಬ ಒಂದು ಸಾಲು ಬರುತ್ತದೆ, ಅಷ್ಟೇ. 2019ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ, ಆನ್‌ಫೀಲ್ಡ್‌ನಲ್ಲಿ ಆ ದೊಡ್ಡ ಪರದೆಯೂ ಇರಲಿಲ್ಲ. ವಿಡಿಯೊ ನೋಡುವವರು ಕೂತಿರೋದು ಹೀಥ್ರೂ ವಿಮಾನ ನಿಲ್ದಾಣದ ಹತ್ತಿರದ ಸ್ಟಾಕ್ಲಿ ಪಾರ್ಕ್‌ನಲ್ಲಿ. ಅವರು ನೋಡುತ್ತಿರುವ ರೀಪ್ಲೇ ಮನೆಯಲ್ಲಿ ಟಿವಿ ಮುಂದೆ ಕೂತವರಿಗೆ ಕಾಣುತ್ತದೆ, ನಿಮಗಿಲ್ಲ. ತೀರ್ಪು ಬದಲಾದರೆ ಆಮೇಲೆ ಒಂದು ತುಣುಕು ತೋರಿಸುವುದುಂಟು. 2025-26ರ ಸೀಸನ್‌ನಿಂದ ರೆಫರಿ ಮೈಕ್‌ನಲ್ಲಿ ತೀರ್ಪು ಹೇಳುವ ಪದ್ಧತಿ ಬಂದಿದೆ. ಒಳ್ಳೆಯದೇ. ಆದರೆ ಕಾಯುವ ಹೊತ್ತಿನ ಕತ್ತಲೆ ಹಾಗೇ ಇದೆ.

ಯಾವ ಪದ್ಧತಿ ವಾಸಿ ಅಂತ ಕೇಳಿದರೆ ಡಿಆರ್‌ಎಸ್ ಅಂತ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಅಲ್ಲಿ ರಿವ್ಯೂ ಕೇಳೋದು ಆಟಗಾರರು, ಅದೂ ಲೆಕ್ಕದಲ್ಲಿ. ಇಲ್ಲಿ ಪ್ರತಿ ಗೋಲನ್ನೂ ಯಾರೂ ಕೇಳದೆಯೇ ತಪಾಸಣೆ ಮಾಡುತ್ತಾರೆ. ಹಾಗಂತ ಡಿಆರ್‌ಎಸ್ ಸುಲಭವಾಗಿ ಬಂದಿದ್ದಲ್ಲ. 2008ರಲ್ಲಿ ಶ್ರೀಲಂಕಾದ ಟೆಸ್ಟ್ ಸರಣಿಯಲ್ಲಿ ಅದನ್ನು ಮೊದಲು ಪ್ರಯೋಗ ಮಾಡಿದಾಗ ಭಾರತದ ನಾಯಕ ನಮ್ಮ ಅನಿಲ್ ಕುಂಬ್ಳೆ. ಆ ಸರಣಿಯಲ್ಲಿ ರಿವ್ಯೂಗಳು ನಮಗೆ ಕೈಕೊಟ್ಟವು. ಆಮೇಲೆ ಎಷ್ಟೋ ವರ್ಷ ಭಾರತವೇ ಅದು ಬೇಡ ಅಂತ ಪಟ್ಟು ಹಿಡಿದಿತ್ತು. ಆದ್ದರಿಂದ ವಿಎಆರ್ ಮೇಲೆ ಇಲ್ಲಿಯ ಅಭಿಮಾನಿಗಳಿಗಿರುವ ಸಿಟ್ಟನ್ನು ಹಳೇ ಕಾಲದವರ ಹಟ ಅಂತ ತಳ್ಳಿಹಾಕಬೇಡಿ.

ಆಫೀಸಿನಲ್ಲಿ, ಪಬ್ಬಿನಲ್ಲಿ ಈ ಮಾತು ಬಂದೇ ಬರುತ್ತದೆ. ಹೊಸದಾಗಿ ಬಂದ ನಮ್ಮವರು ಎಂಜಿನಿಯರ್ ಬುದ್ಧಿಯಿಂದ “ತೀರ್ಪು ಸರಿ ಇದ್ರೆ ಸಾಕಲ್ವಾ?” ಅಂದುಬಿಡುತ್ತಾರೆ. ನಾನೂ ಅಂದಿದ್ದೆ. ಮುಖ್ಯ ತೀರ್ಪುಗಳಲ್ಲಿ ಮೊದಲು 82% ಸರಿ ಇರುತ್ತಿದ್ದವು, ವಿಎಆರ್ ಬಂದ ಮೇಲೆ 96% ಆಯಿತು ಅಂತ ಲೀಗ್ ಹೇಳಿದೆ. ಅಭಿಮಾನಿಗಳ ಜಗಳ ಆ ಸಂಖ್ಯೆಯ ಜೊತೆ ಅಲ್ಲ. ನನ್ನ ಸಹೋದ್ಯೋಗಿಯೊಬ್ಬರು ಕವೆಂಟ್ರಿ ತಂಡದವರು. 2024ರ ಏಪ್ರಿಲ್ 21ರಂದು ವೆಂಬ್ಲಿಯಲ್ಲಿದ್ದರು. ಎಫ್‌ಎ ಕಪ್ ಎಂಬ ನಾಕೌಟ್ ಟೂರ್ನಿಯ ಸೆಮಿಫೈನಲ್, ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. 3-0 ಹಿಂದಿದ್ದ ಕವೆಂಟ್ರಿ 3-3 ಮಾಡಿತು. ಹೆಚ್ಚುವರಿ ಆಟದ ಕೊನೆಯ ಕ್ಷಣದಲ್ಲಿ ವಿಕ್ಟರ್ ಟಾರ್ಪ್ ಗೋಲ್ ಹೊಡೆದರು. ಗುರುತಿಲ್ಲದವರೆಲ್ಲ ತಬ್ಬಿಕೊಂಡು ಅತ್ತರಂತೆ. ಆಮೇಲೆ ವಿಎಆರ್. ಕೂದಲೆಳೆಯಷ್ಟು ಆಫ್‌ಸೈಡ್. ಗೋಲ್ ಹೋಯಿತು, ಶೂಟೌಟ್‌ನಲ್ಲಿ ಪಂದ್ಯವೂ ಹೋಯಿತು. “ತೀರ್ಪು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಖುಷಿಯನ್ನು ಕೊಟ್ಟು ಕಿತ್ತುಕೊಂಡರು. ಈಗ ಯಾವ ಗೋಲ್ ಬಂದರೂ ಪೂರ್ತಿ ನಂಬಿಕೆ ಬರಲ್ಲ” ಅಂದರು. ಅವತ್ತಿನಿಂದ ನಾನು ವಾದ ಮಾಡೋದು ಬಿಟ್ಟೆ.

ತಪ್ಪು ತೀರ್ಪೂ ನಿಂತಿಲ್ಲ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಮೈದಾನದಲ್ಲಿ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದದ್ದು ನೇರಾನೇರ ಗೋಲು. ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು. ವಿಡಿಯೊ ಕೋಣೆಯವರು, ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದುಕೊಂಡು, ‘ಪರಿಶೀಲನೆ ಮುಗಿಯಿತು’ ಅಂದರು. ಆಟ ಮುಂದೆ ಹೋಯಿತು, ಹಿಂದಕ್ಕೆ ಬರುವ ದಾರಿ ನಿಯಮದಲ್ಲಿಲ್ಲ. ಆಮೇಲೆ ಮಾನವ ಲೋಪ ಅಂತ ಒಪ್ಪಿಕೊಂಡರು. ಕಂಪ್ಯೂಟರ್ ಎಷ್ಟೇ ಚೆನ್ನಾಗಿರಲಿ, ಮಾತು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಏನು ಪ್ರಯೋಜನ ಹೇಳಿ.

2024ರ ಜೂನ್‌ನಲ್ಲಿ ವುಲ್ವ್ಸ್ ಕ್ಲಬ್ ವಿಎಆರ್ ತೆಗೆದುಹಾಕಿ ಅಂತ ಮತಕ್ಕೆ ಹಾಕಿತು. 20 ಕ್ಲಬ್ಬುಗಳಲ್ಲಿ 19 ತೆಗೆಯೋದು ಬೇಡ ಅಂದವು. ಅಭಿಮಾನಿಗಳಿಗೆ ಮತ ಇರಲಿಲ್ಲ. ಸ್ವೀಡನ್ನಿನಲ್ಲಿ ಕ್ಲಬ್ಬಿನ ಬಹುಪಾಲು ಮತ ಸದಸ್ಯರ, ಅಂದರೆ ಅಭಿಮಾನಿಗಳ ಕೈಯಲ್ಲೇ ಇರಬೇಕು ಎಂಬ ನಿಯಮ ಇದೆ. ಅದೇ ವರ್ಷ ಅಲ್ಲಿ ವಿಎಆರ್ ಬರದಂತೆ ಸದಸ್ಯರೇ ತಡೆದರು. ನನಗೆ ಸ್ವೀಡನ್ನಿನ ದಾರಿಯೇ ಸರಿ ಅನ್ನಿಸುತ್ತದೆ. ಟಿಕೆಟ್ ಕೊಂಡು ಮಳೆಯಲ್ಲಿ ಕೂರುವವರನ್ನು ಒಂದು ಮಾತು ಕೇಳಬೇಕು.

ಈಗ ರೈಲಿನ ವಿಷಯ. ಇದನ್ನು ನಿಧಾನವಾಗಿ ಓದಿ.

ಪರಿಶೀಲನೆಗೆ ಹಿಡಿದ ಹೊತ್ತೆಲ್ಲ ಆಯಾ ಅರ್ಧದ ಕೊನೆಗೆ ಸೇರುತ್ತದೆ. 2023-24ರಿಂದ ಈ ಲೆಕ್ಕವನ್ನು ಇನ್ನೂ ಕಟ್ಟುನಿಟ್ಟು ಮಾಡಿದ್ದಾರೆ. 2023ರ ನವೆಂಬರ್‌ನಲ್ಲಿ ಟಾಟನ್‌ಹ್ಯಾಮ್ ಮತ್ತು ಚೆಲ್ಸಿ ಆಡಿದಾಗ ಮೊದಲಾರ್ಧಕ್ಕೇ 12 ನಿಮಿಷ ಸೇರಿಸಿದರು. ಆ ಒಂದೇ ಪಂದ್ಯದಲ್ಲಿ ಐದು ಗೋಲು ರದ್ದಾದವು. 2025ರ ಮಾರ್ಚ್‌ನಲ್ಲಿ ಬೋರ್ನ್‌ಮತ್ ಮತ್ತು ವುಲ್ವ್ಸ್ ಕಪ್ ಪಂದ್ಯದಲ್ಲಿ ಒಂದೇ ಗೋಲಿನ ಪರಿಶೀಲನೆಗೆ ಸುಮಾರು 8 ನಿಮಿಷ ಹಿಡಿಯಿತು. ಆಫ್‌ಸೈಡ್ ಬೇಗ ಹೇಳುವ ಹೊಸ ತಂತ್ರಜ್ಞಾನವನ್ನು ಪ್ರಯೋಗ ಮಾಡುತ್ತಿದ್ದ ದಿನವೇ ಹೀಗಾಯಿತು. ಕಪ್ ಪಂದ್ಯವಾದರೆ ಇನ್ನೂ ಒಂದು ಅಪಾಯ ಇದೆ. ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ 2024-25ರಿಂದ ಮರುಪಂದ್ಯ ಇಲ್ಲ. ಸಮಬಲವಾದರೆ ಅಂದೇ 30 ನಿಮಿಷ ಹೆಚ್ಚುವರಿ ಆಟ, ಆಮೇಲೆ ಶೂಟೌಟ್.

ನನ್ನ ಪಂದ್ಯದಲ್ಲಿ ಎರಡು ಪರಿಶೀಲನೆ ಆದವು. ಮುಗಿದಾಗ ಗಂಟೆ ಏಳೂವರೆ ದಾಟಿತ್ತು. ಹೊರಗೆ ಹತ್ತಾರು ಸಾವಿರ ಜನ ಒಂದೇ ಸಣ್ಣ ಸ್ಟೇಷನ್ ಕಡೆ. ಪೊಲೀಸರು ಗುಂಪು ಗುಂಪಾಗಿ ತಡೆದು ಬಿಡುತ್ತಿದ್ದರು. ಯೂಸ್ಟನ್ ಮುಟ್ಟಿದಾಗ ನನ್ನ ರೈಲು ಹೋಗಿ 20 ನಿಮಿಷವಾಗಿತ್ತು. ಮುಂದಿನ ರೈಲು ಹತ್ತಬಹುದು ಅಂದುಕೊಂಡಿದ್ದೆ. ಆಗೋದಿಲ್ಲ. ಅಡ್ವಾನ್ಸ್ ಟಿಕೆಟ್ ನೀವು ಬುಕ್ ಮಾಡಿದ ಆ ಒಂದು ರೈಲಿಗೆ ಮಾತ್ರ. ಅದು ಹೊರಟ ಕ್ಷಣಕ್ಕೆ ಆ ಟಿಕೆಟ್‌ಗೆ ಬೆಲೆ ಇಲ್ಲ. ರೈಲೇ ತಡವಾಗಿ ತಪ್ಪಿದರೆ ಬೇರೆ ಮಾತು. ಪಂದ್ಯ ತಡವಾಗಿದ್ದು ರೈಲಿನವರ ತಪ್ಪಲ್ಲ. ಹೊಸ ಟಿಕೆಟ್‌ಗೆ 60 ಪೌಂಡ್ ಮೇಲೆ ಕೊಟ್ಟೆ. ಪಂದ್ಯದ ಟಿಕೆಟ್‌ಗಿಂತ ಜಾಸ್ತಿ.

ನಮ್ಮವರೊಬ್ಬರು ಹಳೇ ಟಿಕೆಟ್ ಹಿಡಿದೇ ಮುಂದಿನ ರೈಲು ಹತ್ತಿದರು. ಕಾರಣ ಹೇಳಿದರೆ ಕೇಳ್ತಾರೆ ಅಂತ ನಂಬಿದ್ದರು. ಕೇಳಲಿಲ್ಲ. ಇಲ್ಲಿ ಪೆನಾಲ್ಟಿ ಫೇರ್ ಅಂತ ದಂಡ ಬಿದ್ದರೆ 100 ಪೌಂಡ್, ಜೊತೆಗೆ ಟಿಕೆಟ್ ದುಡ್ಡು. 21 ದಿನದೊಳಗೆ ಕಟ್ಟಿದರೆ ಆ 100 ಇದ್ದದ್ದು 50 ಆಗುತ್ತದೆ. ದಯವಿಟ್ಟು ಹಾಗೆ ಹತ್ತಬೇಡಿ.

ಹಾಗಾದರೆ ಏನು ಮಾಡೋದು? ಹೋಗುವಾಗ ಅಡ್ವಾನ್ಸ್, ಬರುವಾಗ ಆಫ್-ಪೀಕ್ (ಜನಸಂದಣಿ ಇಲ್ಲದ ಹೊತ್ತಿನ) ಟಿಕೆಟ್ ತಗೊಳ್ಳಿ. ಸ್ವಲ್ಪ ದುಬಾರಿ. ಆದರೆ ಆ ರಾತ್ರಿ ಯಾವ ಆಫ್-ಪೀಕ್ ರೈಲನ್ನಾದರೂ ಹತ್ತಬಹುದು. ಟಿಕೆಟ್ ಮೇಲೆ ಒಂದೇ ಕಂಪನಿಯ ಹೆಸರಿದ್ದರೆ ಮಾತ್ರ ಆ ಕಂಪನಿಯ ರೈಲಿಗೇ ಹತ್ತಬೇಕು. ಅಡ್ವಾನ್ಸ್ ಕೊಂಡಾಗಿದ್ದರೆ ಪಂದ್ಯ ಮುಗಿಯಬೇಕಾದ ಸಮಯಕ್ಕೂ ರೈಲಿಗೂ ನಡುವೆ ಎರಡು ಗಂಟೆ ಇರಲಿ. ಅಡ್ವಾನ್ಸ್ ಬದಲಿಸಬಹುದು, ಸಾಮಾನ್ಯವಾಗಿ 10 ಪೌಂಡ್ ಮತ್ತು ದರದ ವ್ಯತ್ಯಾಸ ಕೊಟ್ಟು. ಅದನ್ನು ರೈಲು ಹೊರಡುವ ಮೊದಲೇ ಮಾಡಬೇಕು. ಕೊನೆಯ ಸೀಟಿ ಊದಿದ ಮೇಲೆ ಮೊಬೈಲ್ ನೆಟ್‌ವರ್ಕ್ ಸಿಗೋದಿಲ್ಲ. ಮೊದಲಾರ್ಧ ಎಳೆದಿದೆ ಅನ್ನಿಸಿದರೆ ವಿರಾಮದಲ್ಲೇ ಬದಲಿಸಿಬಿಡಿ. ಶನಿವಾರ ರಾತ್ರಿಯ ಕೊನೆಯ ರೈಲು ವಾರದ ದಿನಗಳಿಗಿಂತ ಬೇಗ ಹೊರಡುವುದುಂಟು, ಅದನ್ನೂ ನೋಡಿಕೊಳ್ಳಿ. ಟಿವಿಗಾಗಿ ಪಂದ್ಯದ ದಿನವನ್ನೇ ಬದಲಿಸುತ್ತಾರೆ. ಅದು ಖಚಿತವಾಗುವ ಮೊದಲು ರೈಲು ಬುಕ್ ಮಾಡಲೇಬೇಡಿ.

ದಾವಣಗೆರೆಯ ಹುಡುಗ ಅಂದೇ ಟಿಕೆಟ್ ಬದಲಿಸಿಕೊಂಡ. ಪಂದ್ಯ ಮುಗಿಸಿ ಬಂದವನು ಹೇಳಿದ ಮೊದಲ ಮಾತು, “ಎಲ್ಲರಿಗಿಂತ ಮೊದಲು ಅಮ್ಮ ನನಗೆ ಮೆಸೇಜ್ ಮಾಡಿದ್ರು, ಗೋಲ್ ಇಲ್ಲ ಅಂತೆ ಅಂತ.” ಅವರು ದಾವಣಗೆರೆಯಲ್ಲಿ ಟಿವಿ ನೋಡುತ್ತಿದ್ದರು.

ಮುಂದಿನ ಸಲ ಅವನನ್ನು ಕೆಳಗಿನ ಡಿವಿಜನ್ನಿನ ಪಂದ್ಯಕ್ಕೆ ಕರೆದೊಯ್ಯುತ್ತೇನೆ. ಲೀಗ್ ಟೂ ಮೈದಾನ, ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಅಲ್ಲಿ ವಿಎಆರ್ ಇಲ್ಲ. ಗೋಲ್ ಆದಾಗ ಒಮ್ಮೆ ಲೈನ್ಸ್‌ಮನ್ ಕಡೆ ನೋಡಬೇಕು. ಬಾವುಟ ಕೆಳಗಿದ್ದರೆ ಅದು ಗೋಲೇ.