ಫೊರಾಕೋರ್ಟ್ ಎಳೆದುಕೊಂಡು, ಊದುವ ಪರೀಕ್ಷೆಗೆ ಹೋಗಬೇಡಿ: ಬ್ರಿಟನ್ನಿಗೆ ಬಂದ ಕರಾವಳಿಯವರಿಗೆ

ಮಂಗಳೂರು, ಉಡುಪಿಯಿಂದ ಬರುವ ಉಬ್ಬಸದವರ ಸೂಟ್‌ಕೇಸಿನಲ್ಲಿ ಕೆಲವು ತಿಂಗಳಿಗಾಗುವಷ್ಟು ಫೊರಾಕೋರ್ಟ್ ಪಂಪ್ (ಇನ್‌ಹೇಲರ್) ಇದ್ದೇ ಇರುತ್ತದೆ. ಅದು ಮುಗಿಯುತ್ತ ಬಂದಾಗ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅಸ್ತಮಾ ಹೌದೆನ್ನಲು ಇಲ್ಲಿನ ದಾಖಲೆ ಬೇಕೆಂದು ಅವರು ಸ್ಪೈರೋಮೆಟ್ರಿಗೆ, ಅಂದರೆ ಯಂತ್ರಕ್ಕೆ ಜೋರಾಗಿ ಊದುವ ಪರೀಕ್ಷೆಗೆ ಕಳಿಸುವುದುಂಟು. ಜಿಪಿಯಲ್ಲಿ ಹೆಸರು ಬರೆಸುವುದು, ಆ್ಯಪ್ ಹಾಕಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಎಡವುವುದು ಮನೆಗೆ ಬರುವ ಪತ್ರದ ಒಂದು ಸಾಲಿನಲ್ಲಿ: ‘ರಿಲೀವರ್ 4 ಗಂಟೆ, ಲಾಂಗ್ ಆ್ಯಕ್ಟಿಂಗ್ 24 ಗಂಟೆ ಮೊದಲು ನಿಲ್ಲಿಸಿ.’ ರಿಲೀವರ್ ಅಂದರೆ ಉಬ್ಬಸ ಬಂದಾಗ ಎಳೆಯುವ ಪಂಪ್, ಲಾಂಗ್ ಆ್ಯಕ್ಟಿಂಗ್ ಅಂದರೆ ಶ್ವಾಸನಾಳವನ್ನು ಬಹಳ ಹೊತ್ತು ತೆರೆದಿಡುವ ಔಷಧ.

ನಮ್ಮವರು ರಿಲೀವರ್ ಆದ ನೀಲಿ ಪಂಪ್ ಒಂದನ್ನೇ ನಿಲ್ಲಿಸುತ್ತಾರೆ. ಫೊರಾಕೋರ್ಟ್ ‘ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್, ತಪ್ಪಿಸಬಾರದು’ ಎಂದು ಊರಿನ ಡಾಕ್ಟರು ಹೇಳಿದ್ದಾರಲ್ಲ, ಬೆಳಿಗ್ಗೆ 2 ಪಫ್ ಎಳೆದೇ ಹೊರಡುತ್ತಾರೆ. ಆದರೆ ಅದರಲ್ಲಿರುವುದು ಎರಡು ಔಷಧ: ಬುಡೆಸೊನೈಡ್ ಎಂಬ ಸ್ಟೀರಾಯ್ಡ್, ಜೊತೆಗೆ ಶ್ವಾಸನಾಳವನ್ನು 12 ಗಂಟೆ ತೆರೆದಿಡುವ ಫಾರ್ಮೊಟೆರಾಲ್.

ಇದರಿಂದ ಆಗುವ ನಷ್ಟ ನೋಡಿ. ಮೊದಲು ಊದಿಸುತ್ತಾರೆ. ಸಾಮಾನ್ಯವಾಗಿ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಮೂಲಕ ಶ್ವಾಸನಾಳ ತೆರೆಯುವ ಸಾಲ್ಬ್ಯುಟಮಾಲ್ 4 ಪಫ್, ಅಂದರೆ 400 ಮೈಕ್ರೋಗ್ರಾಂ ಕೊಟ್ಟು, 15 ನಿಮಿಷ ಕೂರಿಸಿ ಮತ್ತೆ ಊದಿಸುತ್ತಾರೆ. ಅಸ್ತಮಾಕ್ಕೆ ಪುರಾವೆಯಾಗಬೇಕಾದರೆ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಕನಿಷ್ಠ ಶೇ. 12ರಷ್ಟು, ಜೊತೆಗೆ ಕನಿಷ್ಠ 200 ಮಿಲೀ ಹೆಚ್ಚಬೇಕು. 2.4 ಲೀಟರ್ ಇದ್ದದ್ದು 2.69ಕ್ಕೆ ಏರಿದರೆ ಲೆಕ್ಕಕ್ಕೆ ಬಂತು. ಫೊರಾಕೋರ್ಟ್ ಎಳೆದು ಹೋದವರು ಶುರುವಿನಲ್ಲೇ 2.65 ಊದಿಬಿಟ್ಟರೆ ಆಮೇಲೆ ಏರುವುದಕ್ಕೆ ಏನು ಉಳಿದಿದೆ? ‘ವ್ಯತ್ಯಾಸವಿಲ್ಲ’ ಎಂಬ ವರದಿ ಬರುತ್ತದೆ, ಇಲ್ಲವೇ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಮತ್ತೆ ಕ್ಯೂ. ಮಂಗಳೂರಿನಲ್ಲಾದರೆ ನಾಳೆ ಬನ್ನಿ ಅಂತಾರೆ. ಈ ವಿಷಯದಲ್ಲಿ ನಮ್ಮೂರೇ ವಾಸಿ.

ಬಣ್ಣ ನೋಡಿ ತೀರ್ಮಾನಿಸಬೇಡಿ, ಡಬ್ಬಿಯ ಮೇಲಿನ ಔಷಧದ ಹೆಸರು ಓದಿ. ಆಸ್ತಾಲಿನ್ ಬರೀ ಸಾಲ್ಬ್ಯುಟಮಾಲ್, 4ರಿಂದ 6 ಗಂಟೆ ಸಾಕು. ಡ್ಯುಯೊಲಿನ್ ಕೂಡ ರಿಲೀವರ್ ಅಂದುಕೊಳ್ಳುತ್ತಾರೆ, ಅದರಲ್ಲಿ ಇಪ್ರಾಟ್ರೋಪಿಯಂ ಎಂಬ ಇನ್ನೊಂದು ಔಷಧವೂ ಇದೆ, 12 ಗಂಟೆ ಬೇಕು. ಫೊರಾಕೋರ್ಟ್, ಸೆರೊಫ್ಲೋ 24 ಗಂಟೆ. ಟಿಯೋವಾಕ್ಕೆ 36ರಿಂದ 48. ಬುಡೆಕೋರ್ಟ್‌ನಂಥ ಬರೀ ಸ್ಟೀರಾಯ್ಡ್ ಈ ಪರೀಕ್ಷೆಗೆ ನಿಲ್ಲಿಸಬೇಕಿಲ್ಲ. ಡೆರಿಫಿಲಿನ್ ಮಾತ್ರೆಯೂ ಶ್ವಾಸನಾಳ ತೆರೆಯುವಂಥದ್ದೇ, ಮಾತ್ರೆ ಅಲ್ವಾ ಎಂದು ಬಿಡದೆ ಪರೀಕ್ಷೆ ಮಾಡುವವರಿಗೆ ಹೇಳಿ. ಇಲ್ಲಿನವರಿಗೆ ಈ ಹೆಸರುಗಳು ಗೊತ್ತಿರುವುದಿಲ್ಲ. ಡಬ್ಬಿಯ ಫೋಟೋ ತೆಗೆದು ಮೊದಲೇ ಫೋನ್ ಮಾಡಿ ಕೇಳಿ. ಪತ್ರದಲ್ಲಿ ಬೇರೆ ಅವಧಿ ಇದ್ದರೆ ಅದೇ ಕೊನೆ ಮಾತು: ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದಷ್ಟೇ ನೋಡುವುದಿದ್ದರೆ ಏನೂ ನಿಲ್ಲಿಸಬೇಡಿ ಎಂದೂ ಬರೆದಿರಬಹುದು.

ಪರೀಕ್ಷೆ ಮಂಗಳವಾರ 10 ಗಂಟೆಗೆ ಇದ್ದರೆ ಫೊರಾಕೋರ್ಟಿನ ಕೊನೆಯ ಡೋಸ್ ಸೋಮವಾರ ಬೆಳಿಗ್ಗೆ 10ರೊಳಗೆ. ರಾತ್ರಿಯದ್ದು, ಮರುದಿನ ಬೆಳಗಿನದ್ದು ಬಿಡಬೇಕು. ಉಬ್ಬಸ ಬಂದಾಗಲೂ ಫೊರಾಕೋರ್ಟನ್ನೇ ಎಳೆಯುವವರು ಈ ಮಧ್ಯಂತರಕ್ಕೆಂದು ಸಾಲ್ಬ್ಯುಟಮಾಲ್ ಬೇರೆಯೇ ಬರೆಸಿಕೊಳ್ಳಿ. ದಮ್ಮು ಕಟ್ಟಿದರೆ ಗಡಿಯಾರ ನೋಡುತ್ತ ಕೂರಬೇಡಿ, ಎಳೆದುಕೊಳ್ಳಿ. ಎಷ್ಟು ಹೊತ್ತಿಗೆ, ಎಷ್ಟು ಪಫ್ ಎಂದು ಬರೆದಿಟ್ಟು ಅಲ್ಲಿ ತಿಳಿಸಿ. ಇನ್ನು ಒಂದು ವಾರ ಮೊದಲೇ ಎಲ್ಲ ಪಂಪ್ ಬಿಟ್ಟುಬಿಡುವ ಶೂರರಿದ್ದಾರೆ, ಅದು ಅಪಾಯ.

ಫೀನೋ (ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆಯುವ) ಪರೀಕ್ಷೆಯೂ ಜೊತೆಗಿದ್ದರೆ ಪಾಲಕ್, ಬೀಟ್‌ರೂಟ್ ಆ ಹೊತ್ತಿಗೆ ಬೇಡ. ಅವುಗಳಲ್ಲಿರುವ ನೈಟ್ರೇಟ್ ಪರೀಕ್ಷೆಯ ಅಂಕಿಯನ್ನು ಏರಿಸುತ್ತದೆ. ನಮ್ಮ ಹರಿವೆ ಸೊಪ್ಪೂ ಅದೇ ಗುಂಪಿನದು. ಕೆಮ್ಮು, ಕಫದ ಸೋಂಕಿದ್ದರೆ ಅಥವಾ ಇತ್ತೀಚೆಗೆ ಕಣ್ಣಿನ, ಹೊಟ್ಟೆಯ ಆಪರೇಷನ್ ಆಗಿದ್ದರೆ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ. ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಊದಿ ಮುಗಿದ ಮೇಲೆ ಪರೀಕ್ಷೆ ಮಾಡುವ ಫಿಸಿಯಾಲಜಿಸ್ಟ್‌ರನ್ನು ಕೇಳಿ ನಿಲ್ಲಿಸಿದ್ದನ್ನು ಅಲ್ಲೇ ಶುರುಮಾಡಬಹುದು.